ಆ್ಯಪ್ ಕೊಡುವ ಅಂಕವೋ, ಶನಿವಾರದ ಬೋಂಡಾ ಸಭೆಯೋ?

ಪೀಣ್ಯದ ನಮ್ಮ ಗೋದಾಮಿನ ಸರಕು ಗಾಡಿಗಳ ಉಸ್ತುವಾರಿ ನನ್ನದು. ಚಾಲಕರು ಎಚ್ಚರದಿಂದ ಓಡಿಸಲಿ ಎಂದು ಆ್ಯಪ್, ತರಗತಿ, ಬೋನಸ್, ವಾರದ ಸಭೆ ಎಲ್ಲವನ್ನೂ ಮಾಡಿ ನೋಡಿದೆವು. ದುಬಾರಿಯಾದದ್ದು ಆ್ಯಪ್, ಕೆಲಸಕ್ಕೆ ಬಂದದ್ದು ಸಭೆ. ಆ್ಯಪ್‌ಗೆ ವರ್ಷದ ಶುಲ್ಕ ಮುಂಗಡವಾಗಿ ಕಟ್ಟಿದ್ದರಿಂದ ಅದರ ಕಿರಿಕಿರಿಯನ್ನು ವರ್ಷವಿಡೀ ಅನುಭವಿಸುವ ಯೋಗವೂ ಕೂಡಿಬಂತು.

ಆ್ಯಪ್‌ಗಾಗಿ ಗಾಡಿಯಲ್ಲಿ ಕೂರಿಸಿದ ಪೆಟ್ಟಿಗೆ ವೇಗ, ಬ್ರೇಕಿನ ರಭಸ, ತಿರುವು ಎಲ್ಲವನ್ನೂ ಅಳೆದು ಚಾಲಕನಿಗೆ ನೂರಕ್ಕೆ ಇಷ್ಟೆಂದು ಅಂಕ ಹಾಕುತ್ತದೆ. ವೇಗ ಎಷ್ಟು ಬೇಗ ಇಳಿಯಿತು ಎಂಬುದು ಅದಕ್ಕೆ ಗೊತ್ತು, ಏಕೆ ಇಳಿಯಿತು ಎಂಬುದು ಗೊತ್ತಿಲ್ಲ. ನಮ್ಮ ಗಾಡಿಗಳು ಹೋಗುವ ಎಷ್ಟೋ ಬೀದಿಗಳ ಹಂಪ್‌ಗಳಿಗೆ ಬಿಳಿ ಪಟ್ಟೆಯೂ ಇಲ್ಲ, ಫಲಕವೂ ಇಲ್ಲ. ತೀರಾ ಹತ್ತಿರ ಬಂದ ಮೇಲೆ ಕಾಣುತ್ತವೆ. ಬ್ರೇಕ್ ಒತ್ತಲೇಬೇಕು, ಒತ್ತಿದರೆ ಅಂಕ ಕಡಿತ. ಲಗ್ಗೆರೆ, ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಅಂಗಡಿ ಅಂಗಡಿಗೆ ಮಾಲು ಇಳಿಸುವ ನಮ್ಮ ಅತ್ಯಂತ ತಾಳ್ಮೆಯ ಚಾಲಕ ಪಟ್ಟಿಯ ತಳ ಸೇರಿದರು. ಮೊದಲ ಸ್ಥಾನ ತುಮಕೂರು ಹೆದ್ದಾರಿಯವನಿಗೆ. ಮುಂದಿನ ಲಾರಿಯ ಬಾಲಕ್ಕೆ ಅಂಟಿಕೊಂಡೇ ಓಡಿಸುತ್ತಾನೆಂದು ಗೋದಾಮಿಗೆಲ್ಲ ಗೊತ್ತಿರುವ ಆಸಾಮಿ ಅವನು.

ಆ್ಯಪ್‌ನವರಿಗೆ ದೂರು ಕೊಟ್ಟೆ. ಬ್ರೇಕಿಗೆ ಅಂಕ ಕಳೆಯುವ ಮಿತಿಯನ್ನು ಸಡಿಲಿಸಿದರು. ಆಗ ಹಂಪ್‌ಗಳ ಜೊತೆಗೆ ನಿಜವಾಗಿ ಗಮನಿಸಬೇಕಾದ ಬ್ರೇಕ್‌ಗಳೂ ಲೆಕ್ಕದಿಂದ ಜಾರಿದವು. ಮತ್ತೆ ಬಿಗಿ ಮಾಡಿಸಿದೆ. ಅಷ್ಟರಲ್ಲಿ ಚಾಲಕರು ಬ್ರೇಕಿಗೇ ಹೆದರತೊಡಗಿದ್ದರು. ಹಳದಿ ದೀಪಕ್ಕೆ ನಿಂತರೆ ಅಂಕ ಹೋಗುತ್ತದೆ, ನುಗ್ಗಿದರೆ ಉಳಿಯುತ್ತದೆ. “ಸಾರ್, ಗಾಡಿ ನಿಲ್ಲಿಸಬೇಕೋ ಅಂಕ ಉಳಿಸಬೇಕೋ, ಒಂದನ್ನು ಹೇಳಿಬಿಡಿ” ಎಂದರು ಒಬ್ಬರು. ನಾನು ಅದೇ ಪ್ರಶ್ನೆಯನ್ನು ಆ್ಯಪ್‌ನವರಿಗೆ ದಾಟಿಸಿದೆ. ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ ಎಂಬ ಉತ್ತರ ಬಂತು.

ತರಗತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ದಿನ, ಒಂದು ಊಟ, ಒಂದು ಪ್ರಮಾಣಪತ್ರ. ಹೊಸಬರಿಗೆ ಪರವಾಗಿಲ್ಲ.

ಅಪಘಾತವಿಲ್ಲದ ತಿಂಗಳಿಗೆ ಬೋನಸ್ ಎಂದು ಘೋಷಿಸಿದೊಡನೆ ನಿಂತದ್ದು ಅಪಘಾತವಲ್ಲ, ವರದಿ. ಒಡೆದ ಕನ್ನಡಿಯನ್ನು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡು ಬರುತ್ತಿದ್ದರು. ಕೆಎಸ್‌ಆರ್‌ಟಿಸಿಯಲ್ಲಿ ಅಪಘಾತರಹಿತ ಸೇವೆಗೆ 5 ವರ್ಷಕ್ಕೆ ಬೆಳ್ಳಿ ಪದಕ, 15 ವರ್ಷಕ್ಕೆ ಚಿನ್ನದ ಪದಕವಿದೆ. ಅದಕ್ಕೊಂದು ಮರ್ಯಾದೆ ಇದೆ. ತಿಂಗಳ ಲೆಕ್ಕದ ಪುಡಿಗಾಸಿಗೆ ಅದು ಬರುವುದಿಲ್ಲ.

ಸಭೆಯ ಖರ್ಚು ಚಹಾ, ಬೋಂಡಾ ಮಾತ್ರ. ಶನಿವಾರ ಗಾಡಿಗಳು ಮರಳಿದ ಮೇಲೆ ಅರ್ಧ ಗಂಟೆ. ಮಾಲೀಕರು ಬರುವಂತಿಲ್ಲ, ಯಾರ ಹೆಸರನ್ನೂ ಬರೆದಿಡುವಂತಿಲ್ಲ. ಆ ವಾರ ಎಲ್ಲಿ ಕೂದಲೆಳೆಯಲ್ಲಿ ಪಾರಾದೆ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ಅದನ್ನು ಜಾಲಾಡುತ್ತಾರೆ. ಹಾಗೆ ಜಾಲಾಡುವಾಗಲೇ ಅಸಲಿ ಕಾರಣ ಹೊರಬಿತ್ತು: ಬೆಳಗ್ಗೆ ಲೋಡಿಂಗ್ ತಡ, ಸರಕು ವಾಹನಗಳ ನಿರ್ಬಂಧದ ಹೊತ್ತಿಗೆ ಮುಂಚೆ ಪೇಟೆ ದಾಟುವ ಧಾವಂತ. ಲೋಡಿಂಗನ್ನು ಹಿಂದಿನ ರಾತ್ರಿಗೆ ಬದಲಿಸಿದೆವು. ಗಾಡಿಗೆ ತಗ್ಗು ಬೀಳುವುದು, ಕನ್ನಡಿ ಒಡೆಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಇದು ನಮ್ಮೊಬ್ಬರ ಅನುಭವವೇನೂ ಅಲ್ಲ. ಸ್ವೀಡನ್ನಿನ ದೂರವಾಣಿ ಸಂಸ್ಥೆ ಟೆಲಿವೆರ್ಕೆಟ್‌ನಲ್ಲಿ ತರಬೇತಿ, ಪ್ರಚಾರ, ಬೋನಸ್, ಗುಂಪು ಚರ್ಚೆಗಳನ್ನು ಹೋಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅಲ್ಲೂ ಹೆಚ್ಚು ಫಲ ಕೊಟ್ಟದ್ದು ಚರ್ಚೆಯೇ.

ನಮ್ಮ ಚಾಲಕರೆಲ್ಲ ಒಂದೇ ಜಗುಲಿಯಲ್ಲಿ ಕೂರುವಷ್ಟು ಮಂದಿ, ಹಾಗಾಗಿ ಇದು ಸಾಧ್ಯವಾಯಿತು. ಜಿಲ್ಲೆ ಜಿಲ್ಲೆಗೆ ಗಾಡಿ ಹರಡಿರುವವರಿಗೆ ಪೆಟ್ಟಿಗೆ ಬೇಕಾಗಬಹುದು. ರಾತ್ರಿ ಶಿರಾಡಿ ಘಾಟಿ ಇಳಿಯುವ ಬಸ್ಸಿಗಾದರೆ ತೂಕಡಿಕೆ ಹಿಡಿಯುವ ಕ್ಯಾಮೆರಾಕ್ಕೆ ನಾನೇ ಹಣ ಮಂಜೂರು ಮಾಡಿಸುತ್ತಿದ್ದೆ. ನಾವು ಮಾತ್ರ ಈ ವರ್ಷ ಅಂಕದ ಸೇವೆ ಬಿಟ್ಟು, ಗಾಡಿ ಎಲ್ಲಿದೆ ಎಂದಷ್ಟೇ ತೋರಿಸುವ ಅಗ್ಗದ ಯೋಜನೆಗೆ ಇಳಿದೆವು. ಉಳಿದ ಹಣದಲ್ಲಿ ಸವೆದ ಟೈರ್‌ಗಳನ್ನು ಬದಲಾಯಿಸಿದೆವು.