ಕಾರಿಲ್ಲದ ಮೂರು ಬೆಟ್ಟದ ದಾರಿ: ಹಳಿದಾರಿ, ಕಾಡುರಸ್ತೆ, ಬಿಟ್ಟ ರಸ್ತೆ

ಚೀಲ ಹೇರಿಕೊಂಡು ಬೆಟ್ಟ ಹತ್ತುವ ಸೈಕಲ್ ಗಂಟೆಗೆ ಏಳೆಂಟು ಕಿಲೋಮೀಟರ್ ಹೋದರೆ ಹೆಚ್ಚು. ಆ ವೇಗದಲ್ಲಿ ಅದು ನೇರ ಹೋಗುವುದಿಲ್ಲ, ಒಂದಿಷ್ಟು ಆ ಕಡೆ ಈ ಕಡೆ ವಾಲುತ್ತಲೇ ಇರುತ್ತದೆ. ಅಂಥ ಹೊತ್ತಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆದು ಮೊಣಕೈ ಸವರಿಕೊಂಡು ಹೋದರೆ ಆ ದಿನದ ಖುಷಿ ಅಲ್ಲಿಗೇ ಮುಗೀತು. ನನಗೂ ನನ್ನ ಗೆಳೆಯನಿಗೂ ಒಂದೇ ದಿನ ಎರಡು ಸಲ ಹಾಗಾಯಿತು. ಅವತ್ತೇ ತೀರ್ಮಾನಿಸಿದೆವು: ಇನ್ನು ಬೆಟ್ಟಕ್ಕೆ ಹೋದರೆ ಗಾಡಿ ಓಡದ ದಾರಿಯಲ್ಲೇ.

ಹುಡುಕಿದಾಗ ಅಂಥ ದಾರಿ ಮೂರು ಬಗೆಯವು ಸಿಕ್ಕವು. ಹಳಿ ಕಿತ್ತ ಹಳೇ ರೈಲುದಾರಿ. ಮರ ಸಾಗಿಸಲು ಮಾಡಿದ ಕಾಡಿನ ಮಣ್ಣುರಸ್ತೆ. ಹೊಸ ಸುರಂಗವೋ ಅಗಲದ ಹೊಸ ರಸ್ತೆಯೋ ಬಂದಮೇಲೆ ಯಾರಿಗೂ ಬೇಡವಾದ ಹಳೇ ಡಾಂಬರು ರಸ್ತೆ. ಮೂರರಲ್ಲೂ ಅದೇ ಸೈಕಲ್, ಅದೇ ಎರಡು ಚೀಲ. ನನ್ನನ್ನೂ ಸೇರಿಸಿ ಒಟ್ಟು ತೂಕ ಸುಮಾರು 100 ಕೆ.ಜಿ. ಇಡೀ ದಿನ ಸುಸ್ತಾಗದೆ ತುಳಿಯೋಕೆ ನನ್ನ ಕಾಲಿಗೆ ಆಗುವುದು 150 ವಾಟ್ ಆಸುಪಾಸು. ಮುಂದೆ ಹೇಳುವ ವೇಗಗಳೆಲ್ಲ ಈ ಲೆಕ್ಕದವು.

ಮೂರನ್ನೂ ತುಳಿದಮೇಲೆ ಒಂದು ಮಾತು ತಲೆಗೆ ಹೋಯಿತು. ನಕಾಶೆಯಲ್ಲಿ ಒಂದು ದಾರಿ ಕಂಡಾಗ "ಇಲ್ಲಿ ಕಾರು ಬರುತ್ತಾ?" ಅಂತ ಕೇಳಿದರೆ ಸಾಲದು. "ಯಾಕೆ ಬರಲ್ಲ?" ಅಂತಲೂ ಕೇಳಬೇಕು. ಆ ದಾರಿ ನಮ್ಮನ್ನು ಹೇಗೆ ನೋಡಿಕೊಳ್ಳುತ್ತೆ ಅನ್ನುವುದು ಆ ಉತ್ತರದಲ್ಲೇ ಇರುತ್ತದೆ.

ಹಳಿದಾರಿ

ಇಲ್ಲಿ ಕಾರು ಬರದಿರುವುದಕ್ಕೆ ಕಾರಣ ಸರಳ. ಇದು ಯಾವತ್ತೂ ಕಾರಿನ ದಾರಿ ಆಗಿರಲೇ ಇಲ್ಲ. ರೈಲು ನಿಂತಿತು, ಹಳಿ ಕಿತ್ತರು, ಎರಡೂ ತುದಿಗೆ ಕಂಬ ನೆಟ್ಟರು. ರೈಲಿಗೆ ಏರು ಆಗಿಬರುವುದಿಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಅದಕ್ಕೇ ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಕಟ್ಟಿ, ಬೇಕಾದರೆ ಊರೆಲ್ಲ ಸುತ್ತಿಸಿ, ನೂರು ಮೀಟರಿಗೆ ಎರಡು ಮೀಟರಿನಷ್ಟೇ ಏರುವ ಹಾಗೆ ದಾರಿ ತೆಗೆದಿರುತ್ತಾರೆ. ಅಮೆರಿಕದ ಗ್ರೇಟ್ ಅಲೆಗೆನಿ ಪ್ಯಾಸೇಜ್ ಸುಮಾರು 240 ಕಿ.ಮೀ. ಉದ್ದ. 729 ಮೀಟರ್ ಎತ್ತರದ ಏಣನ್ನು ದಾಟಿ ಹೋಗುತ್ತದೆ. ಆದರೂ ಅದರ ಕಡಿದಾದ ಕಡೆಯಲ್ಲಿ ಕೂಡ ಏರು ಶೇ. 2ರ ಒಳಗೇ ಇದೆ. ನನ್ನ 150 ವಾಟಿಗೆ ಇಂಥ ಏರಿನಲ್ಲಿ ಗಂಟೆಗೆ 16 ಕಿ.ಮೀ. ಸಿಗುತ್ತದೆ. ಮಾತಾಡಿಕೊಂಡೇ ಬೆಟ್ಟ ಹತ್ತಬಹುದು. ಹತ್ತಿದ್ದು ಗೊತ್ತೇ ಆಗುವುದಿಲ್ಲ, ತಿರುಗಿ ನೋಡಿದಾಗ ಕಣಿವೆ ಕೆಳಗಿರುತ್ತದೆ, ಅಷ್ಟೆ.

ಸುರಂಗದ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ನಾವು ಹೊಕ್ಕ ಸುರಂಗ ಒಳಗೆ ತಿರುಗುತ್ತಿತ್ತು, ಹಾಗಾಗಿ ಆ ಕಡೆಯ ಬೆಳಕು ಕಾಣಿಸಲಿಲ್ಲ. ಬಿಸಿಲಿನಿಂದ ನೇರ ಒಳಗೆ ನುಗ್ಗಿದ್ದಕ್ಕೆ ಕಣ್ಣು ಪೂರ್ತಿ ಕಪ್ಪಾಯಿತು. ನನ್ನ ದೀಪ ಬೇರೆಯವರಿಗೆ ನಾನು ಕಾಣಲಿ ಅಂತ ಹಾಕಿಕೊಂಡದ್ದು, ನನಗೆ ದಾರಿ ತೋರಿಸುವ ತಾಕತ್ತು ಅದಕ್ಕಿರಲಿಲ್ಲ. ಬೆವರಿದ ಕತ್ತಿನ ಮೇಲೆ ಮೇಲಿನಿಂದ ಒಂದು ಹನಿ ಬಿತ್ತು ನೋಡಿ, ಮೈ ಜುಮ್ಮೆಂದಿತು. ಹೊರಗೆ ಎಷ್ಟೇ ಸೆಖೆ ಇರಲಿ, ಉದ್ದದ ಸುರಂಗದ ಒಳಗೆ ನೆಲಮಾಳಿಗೆಯ ತಂಪು ಇರುತ್ತದೆ. ಜಾಕೆಟ್ ಚೀಲದ ಅಡಿಯಲ್ಲಿತ್ತು. ಇಳಿದು, ಗೋಡೆ ಸವರಿಕೊಂಡು, ಸೈಕಲ್ ತಳ್ಳಿಕೊಂಡು ಹೊರಗೆ ಬಂದೆವು. ಹಳಿದಾರಿಗೆ ಹೊರಟವರು ಜಾಕೆಟ್ಟನ್ನೂ ಒಳ್ಳೇ ದೀಪವನ್ನೂ ಕೈಗೆ ಸಿಗುವ ಹಾಗೆ ಮೇಲೆಯೇ ಇಟ್ಟುಕೊಳ್ಳಿ.

ಈಗ ಕೊರತೆ. ಮೊದಲನೆಯದು, ಸದ್ದು. ರೈಲು ಸಾಮಾನ್ಯವಾಗಿ ಕಣಿವೆಯ ತಳ ಹಿಡಿದು, ಹೊಳೆ ಪಕ್ಕದಲ್ಲೇ ಹೋಗುತ್ತದೆ. ದೊಡ್ಡ ರಸ್ತೆಯೂ ಅದೇ ತಳ ಹಿಡಿದಿರುತ್ತದೆ. ಕಾರು ಕಾಣಿಸುವುದಿಲ್ಲ, ಆದರೆ ಹೊಳೆಯ ಆಚೆಯಿಂದ ಇಡೀ ದಿನ ಅದರ ಮೊರೆತ ಕೇಳಿಸುತ್ತಿರುತ್ತದೆ. ಎರಡನೆಯದು, ಜನ. ಚಪ್ಪಟೆ ದಾರಿ ಅಂದಮೇಲೆ ಎಲ್ಲರಿಗೂ ಬೇಕು: ನಡೆಯುವವರು, ನಾಯಿ ಹಿಡಿದವರು, ಪುಟ್ಟ ಸೈಕಲ್ಲಿನ ಮಕ್ಕಳು. ರಜಾದಿನ ಗಂಟೆ ಬಾರಿಸಿ ಬಾರಿಸಿ ಹೆಬ್ಬೆರಳು ನೋವು ಬಂತು. ಮೂರನೆಯದು ಯಾರೂ ಮೊದಲೇ ಹೇಳಿರಲಿಲ್ಲ. ಏರೂ ಇಲ್ಲ ಇಳಿತವೂ ಇಲ್ಲದ ದಾರಿಯಲ್ಲಿ ಕಾಲು ಒಂದು ನಿಮಿಷ ಸುಮ್ನೆ ಇರುವುದಿಲ್ಲ, ಕೂತ ಭಂಗಿಯೂ ಬದಲಾಗುವುದಿಲ್ಲ. ಮೂರು ಗಂಟೆ ಆದಮೇಲೆ ಸೀಟು ಸೀಟಾಗಿ ಉಳಿಯಲಿಲ್ಲ, ಹಲಗೆ ಆಯಿತು.

ಕಾಡುರಸ್ತೆ

ಇಲ್ಲಿ ಕಾರು ಬರದಿರುವುದು ಗೇಟು ಹಾಕಿರುವುದರಿಂದ. ಸೈಕಲ್ಲಿಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಎಲ್ಲ ಕಾಡಿನಲ್ಲೂ ಬಿಡುವುದಿಲ್ಲ. ಬಿಟ್ಟರೂ ಗೇಟು ತೆರೆದೇ ಇರುತ್ತೆ ಅಂತ ಅಂದುಕೊಳ್ಳಬೇಡಿ. ನಮಗೆ ಸಿಕ್ಕ ಮೊದಲ ಗೇಟಿನ ಪಕ್ಕದ ಸಂದಿಯಲ್ಲಿ ಬರೀ ಸೈಕಲ್ ಆಗಿದ್ದರೆ ನುಸುಳುತ್ತಿತ್ತು. ಚೀಲ ಇದ್ದದ್ದಕ್ಕೆ ಸಿಕ್ಕಿಹಾಕಿಕೊಂಡಿತು. ಚೀಲ ಬಿಚ್ಚು, ಸೈಕಲ್ ದಾಟಿಸು, ಮತ್ತೆ ಚೀಲ ಕಟ್ಟು. ಅವತ್ತು ಇಂಥ ಐದು ಗೇಟು.

ಈ ರಸ್ತೆ ಮಾಡಿದ್ದು ದಿಮ್ಮಿ ಹೇರುವ ಲಾರಿಗೆ. ಲಾರಿ ಎಂಜಿನ್ನಿಗೆ ಶೇ. 10ರ ಏರು ಒಂದು ಲೆಕ್ಕವೇ ಅಲ್ಲ. ನಮಗೆ? ಜಲ್ಲಿ ಮೇಲೆ ಅಂಥ ಏರಿನಲ್ಲಿ 150 ವಾಟಿಗೆ ಸಿಗುವ ವೇಗ ಗಂಟೆಗೆ 5 ಕಿ.ಮೀ. ಅಂದರೆ ನಡಿಗೆಯ ವೇಗ. ಇಳಿದು ತಳ್ಳಿದವನೂ ತುಳಿದವನೂ ಒಟ್ಟಿಗೇ ಮೇಲೆ ತಲುಪುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಗೆಳೆಯ ತಳ್ಳಿಕೊಂಡೇ ಬಂದು ನನಗಿಂತ ಮೊದಲು ಮೇಲಿದ್ದ. ಗೇರ್ ವಿಷಯ ಇಲ್ಲಿ ಅರ್ಥವಾಯಿತು. ಚೈನು ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಈ ವೇಗದಲ್ಲಿ ಪೆಡಲ್ ನಿಮಿಷಕ್ಕೆ 40 ಸುತ್ತೂ ತಿರುಗುವುದಿಲ್ಲ, ಎಲ್ಲ ಭಾರ ಮಂಡಿ ಮೇಲೆ. ಮುಂದೆ 26, ಹಿಂದೆ 36 ಇರುವ ಸೈಕಲ್ ಆದರೆ ಅದೇ ಏರನ್ನು ಮಂಡಿ ಬೈಯದ ಹಾಗೆ ಹತ್ತಬಹುದು. ಟೈರೂ ಅಷ್ಟೇ, 28 ಮಿ.ಮೀ. ಟೈರ್ ಜಲ್ಲಿಯಲ್ಲಿ ಕಂತುತ್ತದೆ. 45 ಮಿ.ಮೀ. ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಸರಿ.

ದಾರಿ ತಪ್ಪುವುದಂತೂ ಗ್ಯಾರಂಟಿ. ಇಲ್ಲಿನ ರಸ್ತೆಗಳು ಎಲ್ಲಿಂದ ಎಲ್ಲಿಗೋ ಹೋಗಲಿ ಅಂತ ಮಾಡಿದವಲ್ಲ, ಮರದ ಹತ್ತಿರ ಹೋಗಲಿ ಅಂತ ಮಾಡಿದವು. 200 ಮೀಟರ್ ಎತ್ತರ ಹತ್ತಿಹೋದ ಒಂದು ಕವಲು ದಿಮ್ಮಿ ಪೇರಿಸುವ ಬಯಲಿನಲ್ಲಿ ನಿಂತುಬಿಟ್ಟಿತು. ಅಷ್ಟೂ ಇಳಿದು ವಾಪಸ್. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಅಂತರ್ಜಾಲ ನಕಾಶೆಯಲ್ಲಿ ಇಂಥ ದಾರಿಗಳಿಗೆ ಗ್ರೇಡ್ 1ರಿಂದ ಗ್ರೇಡ್ 5ರವರೆಗೆ ಗುರುತು ಹಾಕಿರುತ್ತಾರೆ. 1 ಅಂದರೆ ಗಟ್ಟಿ ನೆಲ, 5 ಅಂದರೆ ಬರೀ ಮೆತ್ತನೆ ಮಣ್ಣು, ಹುಲ್ಲು. ಚೀಲ ಹೇರಿದ ಸೈಕಲ್ಲಿಗೆ ನಾನು 2ರ ಆಚೆ ಹೋಗುವುದಿಲ್ಲ. ಇನ್ನೊಂದು ಮಾತು: ಕೆಲಸದ ದಿನ ಕಾರು ಬರದಿದ್ದರೂ ದಿಮ್ಮಿ ಲಾರಿ ಬರುತ್ತದೆ, ಅದೂ ರಸ್ತೆಯಿಡೀ ತನ್ನದೇ ಅನ್ನುವ ಹಾಗೆ. ಭಾನುವಾರ ಹೋಗಿ.

ಇಷ್ಟೆಲ್ಲ ಬೈದಮೇಲೆ ಇದನ್ನೂ ಹೇಳಲೇಬೇಕು. ಮೂರರಲ್ಲಿ ನಿಜವಾದ ನಿಶ್ಶಬ್ದ ಸಿಕ್ಕಿದ್ದು ಇಲ್ಲೇ. ಏರಿನ ನಡುವೆ ಉಸಿರು ಕಟ್ಟಿ ನಿಂತಾಗ ಮೊದಲು ನನ್ನ ಎದೆಬಡಿತ ಮಾತ್ರ ಕೇಳಿಸುತ್ತಿತ್ತು. ಅದು ಇಳಿದಮೇಲೆ ಒಂದು ಮರ ಇನ್ನೊಂದಕ್ಕೆ ಉಜ್ಜಿ ಕಿರುಗುಟ್ಟುವುದು ಕೇಳಿಸಿತು. ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ ತುಳಿಯೋಕೆ ಶುರುಮಾಡಿದರೆ ಟೈರಿನ ಕೆಳಗೆ ಜಲ್ಲಿ ಕರಕರ. ಅಂದರೆ ನಿಂತವರಿಗೆ ಮಾತ್ರ ನಿಶ್ಶಬ್ದ!

ಬಿಟ್ಟ ರಸ್ತೆ

ಪಕ್ಷಪಾತ ಈಗಲೇ ಒಪ್ಪಿಕೊಳ್ಳುತ್ತೇನೆ, ನನಗೆ ಇದೇ ಇಷ್ಟ. ಕಾರು ಬರದಿರುವುದು ಕೆಳಗೆ ಇದಕ್ಕಿಂತ ಬೇಗ ಹೋಗುವ ದಾರಿ ಇರುವುದರಿಂದ. ಸ್ವಿಟ್ಜರ್ಲೆಂಡಿನ ಗೋಥಾರ್ಡ್‌ನಲ್ಲಿ 1980ರಲ್ಲಿ ಸುಮಾರು 17 ಕಿ.ಮೀ. ಉದ್ದದ ರಸ್ತೆ ಸುರಂಗ ತೆರೆದಮೇಲೆ ಅವಸರದವರೆಲ್ಲ ಅದರೊಳಗೆ ಹೋದರು. ಮೇಲಿನ ಹಳೇ ಟ್ರೆಮೋಲಾ ರಸ್ತೆ, ಕಲ್ಲು ಹಾಸಿದ ತಿರುವು ತಿರುವಿನ ದಾರಿ, ನಿಧಾನಸ್ಥರಿಗೆ ಉಳಿಯಿತು. ಅಲ್ಲಿ ಕಾರಿಗೆ ಅಡ್ಡಿ ಇಲ್ಲ, ಬರುವವರು ಕಡಿಮೆ. ನಾರ್ವೆಯ ರಾಲರ್‌ವೇಗೆನ್ ಕಥೆ ಸ್ವಲ್ಪ ಬೇರೆ. 1909ರಲ್ಲಿ ಮುಗಿದ ಬರ್ಗೆನ್ ರೈಲುಮಾರ್ಗದ ಕೆಲಸಕ್ಕೆ ಅಂತ ಮಾಡಿದ ರಸ್ತೆ ಅದು. ರೈಲು ಓಡತೊಡಗಿದ ಮೇಲೆ ರಸ್ತೆಯ ಕೆಲಸ ಮುಗಿಯಿತು, ಈಗ ಅದು ಸೈಕಲ್ಲಿನವರದು. 1222 ಮೀಟರ್ ಎತ್ತರದ ಫಿನ್ಸೆ ಮೇಲಿಂದ ಹೋಗುವುದರಿಂದ ಜುಲೈವರೆಗೂ ಹಿಮ ಉಳಿದಿರುತ್ತದೆ.

ಹಳೇ ರಸ್ತೆ ಮಾಡಿದವರು ದುರ್ಬಲ ಎಂಜಿನ್ನಿನ ಬಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಾನು ಹತ್ತಿದ್ದು ಶೇ. 6ರ ಏರು. ತಿರುವಿನಲ್ಲಿ ಸ್ವಲ್ಪ ಚಪ್ಪಟೆ, ಅಲ್ಲಿ ಒಂದು ಉಸಿರು, ಮತ್ತೆ ಏರು. 150 ವಾಟಿಗೆ ಗಂಟೆಗೆ 8 ಕಿ.ಮೀ. ಕಾಲಿಗೆ ಕೆಲಸ ಇದೆ, ಶಿಕ್ಷೆ ಇಲ್ಲ. ಡಾಂಬರಿನ ಬಿರುಕಲ್ಲಿ ಹುಲ್ಲು ಬೆಳೆದಿತ್ತು. ನಡುವಿನ ಬಿಳಿ ಗೆರೆ ಕೆಲವು ಕಡೆ ಪಾಚಿಯ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಒಂದು ತಿರುವಿನಲ್ಲಿ ಎದುರು ಬರುವ ಗಾಡಿ ಕಾಣಲಿ ಅಂತ ಹಾಕಿದ ದುಂಡು ಕನ್ನಡಿ ಇನ್ನೂ ಇತ್ತು. ಕಂಬ ತುಕ್ಕು ಹಿಡಿದಿತ್ತು, ಕನ್ನಡಿ ಮಾತ್ರ ಚೊಕ್ಕವಾಗಿತ್ತು. ಅದರಲ್ಲಿ ದೂರದಿಂದ ಒಂದು ಚುಕ್ಕೆ ನಿಧಾನವಾಗಿ ದೊಡ್ಡದಾಗುತ್ತ ಬಂತು. ಯಾರಪ್ಪ ಇದು ಅಂದುಕೊಂಡೆ. ನಾನೇ.

ಇಳಿಯುವಾಗ ಇದರ ಬೆಲೆ ಇನ್ನೂ ಗೊತ್ತಾಗುತ್ತದೆ. ಹಳಿದಾರಿಯ ಇಳಿತ ಇಳಿತವೇ ಅಲ್ಲ. ಕಾಡುರಸ್ತೆಯಲ್ಲಿ ಬ್ರೇಕ್ ಹಿಡಿದೂ ಹಿಡಿದೂ ಬೆರಳು ಮರಗಟ್ಟುತ್ತದೆ. ಇಲ್ಲಿ ತಿರುವು ತಿರುವಾಗಿ ಹರಿದುಕೊಂಡು ಬರಬಹುದು, ಉದುರಿದ ಕಲ್ಲಿನ ಮೇಲೆ ಒಂದು ಕಣ್ಣಿಟ್ಟಿದ್ದರೆ ಸಾಕು.

ಆದರೆ ಬಿಟ್ಟ ರಸ್ತೆಗಳಲ್ಲಿ ಎರಡು ಜಾತಿ ಇದೆ. ಹೊಸದು ಬಂತು ಅಂತ ಬಿಟ್ಟವು ಒಂದು. ಗುಡ್ಡ ಜರಿಯಿತು, ಇನ್ನು ರಿಪೇರಿ ಬೇಡ ಅಂತ ಬಿಟ್ಟವು ಇನ್ನೊಂದು. ನಕಾಶೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾವು ಹಿಡಿದದ್ದು ಎರಡನೇ ಜಾತಿಯದು, ಅದು ಗೊತ್ತಾದದ್ದು ಮುಕ್ಕಾಲು ಹತ್ತಿದಮೇಲೆ. ಸುಮಾರು 40 ಮೀಟರ್ ಉದ್ದ ರಸ್ತೆಯೇ ಇರಲಿಲ್ಲ, ಕೆಂಪು ಮಣ್ಣಿನ ಜಾರು ಮಾತ್ರ. ಗೆಳೆಯ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

"ಲೇ, ಇದನ್ನ ದಾರಿ ಅಂದಿದ್ಯಲ್ಲೋ?"

"ನಕಾಶೆಲಿ ಇತ್ತು ಮಾರಾಯ."

ಮೇಲಿನಿಂದ ಯಾರೋ ನಡೆದು ಮಾಡಿದ ಕಾಲುದಾರಿ ಇತ್ತು. ಮೊದಲ ಸಲ ಚೀಲ, ಎರಡನೇ ಸಲ ಅವನ ಸೈಕಲ್, ಮೂರನೇ ಸಲ ನನ್ನದು. ಮುಕ್ಕಾಲು ಗಂಟೆ ಹಿಡಿಯಿತು. ಅವತ್ತು ಮಣ್ಣು ಒಣಗಿತ್ತು. ಮಳೆ ಬಿದ್ದಿದ್ದರೆ ಖಂಡಿತ ದಾಟುತ್ತಿರಲಿಲ್ಲ, ನೀವೂ ದಾಟಬೇಡಿ.

ಮಕ್ಕಳ ಜೊತೆ ಹೋಗುವವರು, ಮೊದಲ ಸಲ ಚೀಲ ಕಟ್ಟಿ ಹೊರಟವರು ಕಣ್ಣುಮುಚ್ಚಿ ಹಳಿದಾರಿ ಹಿಡಿಯಿರಿ, ವಾರದ ನಡುವೆ. ಕಾಡುರಸ್ತೆಗೆ ನಾನು ಇನ್ನೊಮ್ಮೆ ಹೋಗುತ್ತೇನೆ, ಚೀಲ ಮನೆಯಲ್ಲಿ ಬಿಟ್ಟು, ಒಂದೇ ದಿನಕ್ಕೆ. ನಾಲ್ಕೈದು ದಿನದ ಪ್ರವಾಸ ಅಂದರೆ ನನಗೆ ಬಿಟ್ಟ ರಸ್ತೆಯೇ. ಅದನ್ನು ಹುಡುಕುವುದೂ ಈಗ ಚಟವಾಗಿದೆ. ನಕಾಶೆಯಲ್ಲಿ ದಪ್ಪ ಗೆರೆಯೊಂದು ಬೆಟ್ಟದೊಳಗೆ ಹೊಕ್ಕು ಚುಕ್ಕೆ ಚುಕ್ಕೆ ಆಗುವ ಜಾಗ ನೋಡುತ್ತೇನೆ. ಅದರ ಮೇಲೆ ಹಾವಿನ ಹಾಗೆ ತೆಳ್ಳನೆ ಗೆರೆ ಓಡುತ್ತಿದ್ದರೆ ಅದೇ ನಮ್ಮದು. ಮೊನ್ನೆ ಅಂಥದ್ದೊಂದು ಸಿಕ್ಕಿತು. ಗೆಳೆಯನಿಗೆ ಕಳಿಸಿದೆ. ಎಷ್ಟು ದೂರ, ಎಷ್ಟು ಏರು ಅಂತೆಲ್ಲ ಅವನು ಕೇಳಲಿಲ್ಲ.

"ಬಿಟ್ಟದ್ದಾ, ಜರಿದದ್ದಾ?" ಅಂದ.