ಒಲೆಯ ಚಿಮಣಿಗೆ ಸ್ಟೀಲ್ ಲೈನರ್: ಕೆಲವು ಮಳೆಗಾಲ ಕಳೆದ ಮೇಲೆ

ಕಲಬುರಗಿಯ ಹಳೇ ಜಂತಿ ಮನೆಗಳಲ್ಲಿ ಇವತ್ತಿಗೂ ಜೋಳದ ರೊಟ್ಟಿಗೆ ಕಟ್ಟಿಗೆ ಒಲೆ ಉರಿಸುವವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಗೋಡೆಯೊಳಗಿನ ಇಟ್ಟಿಗೆ ಚಿಮಣಿಗೆ 2022ರಲ್ಲಿ ಸ್ಟೀಲ್ ಲೈನರ್, ಅಂದರೆ ಚಿಮಣಿಯೊಳಗೆ ಇಳಿಸುವ ಸ್ಟೀಲ್ ಪೈಪ್, ಹಾಕಿಸಿದೆವು. ಕೊಟ್ಟ ದುಡ್ಡು ದಂಡವಾಗಲಿಲ್ಲ.

ಚಿಮಣಿಯೊಳಗಿನ ಗಾರೆ ಉದುರಿ ಇಟ್ಟಿಗೆಗಳ ಸಂದು ಬಾಯಿ ಬಿಟ್ಟಿತ್ತು. ಮಲಗುವ ಕೋಣೆಗೆ ಹೊಗೆ ನುಸುಳುತ್ತಿತ್ತು. ಅದಕ್ಕಿಂತ ಜಾಸ್ತಿ ಭಯ ಇದ್ದದ್ದು ಪಕ್ಕದಲ್ಲೇ ಹಾಯ್ದಿರುವ ಮರದ ಜಂತಿಯದು. ನಮ್ಮಲ್ಲಿ ಉರಿಸುವುದು ತೊಗರಿ ಕಟ್ಟಿಗೆ. ಭಗ್ಗನೆ ಹೊತ್ತುತ್ತದೆ, ಕಿಡಿ ಮೇಲಕ್ಕೆ ಹಾರುತ್ತದೆ. ಮಳೆಗಾಲದಲ್ಲಿ ನೆನೆದ ಕಟ್ಟಿಗೆಯ ಹೊಗೆ ತಣ್ಣಗಾಗಿ ಒಳಗೆಲ್ಲ ಕಪ್ಪು ಜಿಗುಟು ಕಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಚಿಮಣಿಯೇ ಕುಲುಮೆ.

ರೆಡಿಮೇಡ್ ಲೈನರ್ ನಮಗೆ ಇಲ್ಲಿ ಸಿಗಲಿಲ್ಲ. ಹೋಟೆಲುಗಳಿಗೆ ಡಕ್ಟ್ ಮಾಡುವ ಫ್ಯಾಬ್ರಿಕೇಟರ್ ಹತ್ತಿರ 304 ಗ್ರೇಡ್ ಸ್ಟೀಲಿನ 6 ಇಂಚು ಪೈಪ್ ಮಾಡಿಸಿದೆವು. ಎಲ್ಲ ಸೇರಿ 16 ಸಾವಿರ ಆಯಿತು. ಮೊದಲು ಬಂದು ನೋಡಿದವರು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಸಾಕು, ಅರ್ಧ ಖರ್ಚಲ್ಲಿ ಮುಗಿಯುತ್ತೆ ಅಂದಿದ್ದರು. ನಾನು ಒಪ್ಪಲಿಲ್ಲ. ಅದರ ಮೇಲಿನ ಸತು 420 ಡಿಗ್ರಿ ಹತ್ತಿರ ಕರಗುತ್ತದೆ. ಚಿಮಣಿಗೆ ಬೆಂಕಿ ಹತ್ತಿದರೆ ಶಾಖ 1000 ಡಿಗ್ರಿ ಮುಟ್ಟಬಹುದು. ಸಿಮೆಂಟ್ ಪೈಪೂ ಬೇಡ, ಶಾಖಕ್ಕೆ ಬಿರುಕು ಬಿಡುತ್ತದೆ.

ಪೈಪ್ ಜೋಡಿಸುವಾಗ ಎದುರಿಗೇ ನಿಂತು ನೋಡಿ. ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಉಲ್ಟಾ ಆದರೆ ಜಿಗುಟು ಸಂದಿನಿಂದ ಹೊರಗೆ ಸೋರುತ್ತದೆ. ನಮ್ಮಲ್ಲಿ ಒಂದನ್ನು ಉಲ್ಟಾ ಇಟ್ಟಿದ್ದರು, ತೆಗೆಸಿ ಸರಿಯಾಗಿ ಕೂರಿಸಿದೆ. ಪೈಪಿಗೆ ರಾಕ್ ವೂಲ್ (ಶಾಖ ತಡೆಯುವ ಕಲ್ಲಿನ ನಾರು) ಸುತ್ತಿಸಿದ್ದೂ ಒಳ್ಳೆಯದಾಯಿತು. ಜಂತಿಗೆ ಬಿಸಿ ತಾಗುವುದಿಲ್ಲ. ಹೊಗೆ ಬಿಸಿಯಾಗೇ ಮೇಲೆ ಹೋಗುವುದರಿಂದ ಜಿಗುಟೂ ಕಡಿಮೆ.

ಬೇಸರ ತಂದದ್ದು ಮೇಲಿನ ಟೋಪಿ. ಅದಕ್ಕೆ ತೀರಾ ಸಣ್ಣ ಕಣ್ಣಿನ ಜಾಳಿ ಹಾಕಿದ್ದರು. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ ಬಡಿಯಲು ಕೂತಾಗ ಒಲೆ ಬಹಳ ಹೊತ್ತು ಉರಿಯಿತು. ಜಾಳಿಗೆ ಮಸಿ ಕಟ್ಟಿ ಹೊಗೆಯೆಲ್ಲ ವಾಪಸ್ ಅವ್ವನ ಮುಖಕ್ಕೆ ಬಂತು. ಸರಿ ಮಾಡಿಕೊಡಿ ಅಂತ ಫೋನ್ ಮಾಡಿದರೆ ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂತ ಸತಾಯಿಸಿದರು. ಕೊನೆಗೆ ಬೇರೆಯವರಿಂದ ದೊಡ್ಡ ಕಣ್ಣಿನ ಜಾಳಿ ಹಾಕಿಸಿದೆವು. ಗುಬ್ಬಿ ಒಳಗೆ ಹೋಗದಷ್ಟು ಇದ್ದರೆ ಸಾಕು ಅಲ್ವಾ?

ಪೈಪ್ ಈಗಲೂ ಗಟ್ಟಿಯಾಗಿದೆ. ಒಲೆಯ ಹತ್ತಿರ ಬಿಸಿಗೆ ಸ್ವಲ್ಪ ನೀಲಿ ಬಣ್ಣ ಬಂದಿದೆ, ತುಕ್ಕು ಇಲ್ಲ. ಆಚೆ ಕೋಣೆಯಲ್ಲಿ ಹೊಗೆ ವಾಸನೆ ಬರುವುದಿಲ್ಲ. ಅವ್ವನಿಗೆ ಕಣ್ಣುರಿ ಎಷ್ಟೋ ಕಮ್ಮಿ. ಹಾಗಂತ ಕಿಟಕಿ ಮುಚ್ಚಿ ಒಲೆ ಹಚ್ಚಬೇಡಿ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ, ಒಲೆ ಪೂರ್ತಿ ಆರಿದಾಗ ಪೈಪ್ ಉಜ್ಜಿಸುತ್ತೇವೆ. ನೈಲಾನ್ ಬ್ರಷ್ಷೇ ಬಳಸಿ. ಕಬ್ಬಿಣದ ತಂತಿಯ ಬ್ರಷ್ ಗೀರು ಮಾಡಿ ತುಕ್ಕಿಗೆ ದಾರಿ ಮಾಡುತ್ತದೆ. ಹೊಸದಾಗಿ ಮಾಡಿಸುವವರು ಮಸಿ ತೆಗೆಯಲು ಬುಡದಲ್ಲೊಂದು ಸಣ್ಣ ಬಾಗಿಲು ಇಡಲು ಮೊದಲೇ ಹೇಳಿ. ಆಮೇಲೆ ಇಡಿಸಬೇಕೆಂದರೆ ಗೋಡೆ ಒಡೆಯಬೇಕಾಗುತ್ತದೆ.