ಪೇಟೆಯ ಗ್ರಂಧಿಗೆ ಅಂಗಡಿ: ಇಡಿಯಾಗಿ ಕೊಳ್ಳಿ, ಪುಡಿ ಬಿಡಿ

ಮನೆಮದ್ದಿನ ಸಾಮಾನು ಕೊಳ್ಳಲು ಬೆಂಗಳೂರಿನಲ್ಲಿ ಬೇರು, ಕಾಯಿ, ಮಸಾಲೆ, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗಿಂತ ಒಳ್ಳೆಯ ಜಾಗ ಇವತ್ತಿಗೂ ಇಲ್ಲ. ಹಿಪ್ಪಲಿ, ಅಳಲೆಕಾಯಿ, ಜೇಷ್ಠಮಧು, ಲಾವಂಚ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕರೂ ಮುಚ್ಚಿದ ಪೊಟ್ಟಣದಲ್ಲಿ ಸಿಗುತ್ತವೆ. ಇಲ್ಲಿ ಕೈಗೆ ತೆಗೆದುಕೊಂಡು, ಮುರಿದು, ಮೂಸಿ ನೋಡಬಹುದು. ಈ ಅನುಕೂಲ ದಕ್ಕುವುದು ಇಡಿಯಾದ ಕಾಳು, ಬೇರು, ಕಾಯಿ, ತೊಗಟೆ ಕೊಂಡಾಗ ಮಾತ್ರ. ಪುಡಿ ಮಾಡಿ ಡಬ್ಬದಲ್ಲಿಟ್ಟದ್ದನ್ನು ಕೊಂಡರೆ ಅದರಲ್ಲಿ ಏನು ಬೆರೆತಿದೆ, ಯಾವಾಗ ಬೀಸಿದ್ದು ಎಂದು ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಅವೆನ್ಯೂ ರಸ್ತೆ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಹಳೆಯ ಅಂಗಡಿಗಳಿವೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಚಿಕ್ಕಪೇಟೆ ಅಥವಾ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯುವುದೇ ಒಳ್ಳೆಯದು, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಗಾಂಧಿ ಬಜಾರ್, ಮಲ್ಲೇಶ್ವರದಲ್ಲೂ ಗ್ರಂಧಿಗೆ ಅಂಗಡಿಗಳಿವೆ. ಕೊತ್ತಂಬರಿ, ಜೀರಿಗೆ, ಮೆಣಸಿಗೆ ಅವು ಸಾಕು. ಅಪರೂಪದ ಬೇರು, ಕಾಯಿಗೆ ಪೇಟೆಯೇ ಮೇಲು. ಕಾರಣ ಇಷ್ಟೇ: ಅಲ್ಲಿ ಸರಕು ಬೇಗ ಖರ್ಚಾಗುತ್ತದೆ, ಹೊಸದು ಬರುತ್ತಲೇ ಇರುತ್ತದೆ. ಬಡಾವಣೆಯ ಅಂಗಡಿಯಲ್ಲಿ ಅಳಲೆಕಾಯಿ ಡಬ್ಬದ ತಳದಲ್ಲೇ ಕೂತು ಕುಟ್ಟೆ ಹಿಡಿದಿರುತ್ತದೆ.

ಈ ಅಂಗಡಿಗಳ ದೊಡ್ಡ ದೋಷ ಒಂದಿದೆ. ಊಟದ ಸಾಮಾನು, ಮದ್ದಿನ ಸಾಮಾನು, ಪೂಜೆಯ ಸಾಮಾನು ಮೂರೂ ಒಂದೇ ಕಟ್ಟೆಯ ಮೇಲೆ ಇರುತ್ತವೆ. ಪೂಜೆಗೆಂದು ಮಾರುವ ಅರಿಶಿನ, ಜೇನು, ತುಪ್ಪ, ದೀಪದ ಎಣ್ಣೆ ತಿನ್ನಲು ತಯಾರಾದವಲ್ಲ. ಪೊಟ್ಟಣದಲ್ಲಿದ್ದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, ಅದರ ಜೊತೆ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ದೇವರ ಮನೆಗೆ ಸರಿ, ಅಡುಗೆ ಮನೆಗಲ್ಲ. ಬಿಡಿಯಾಗಿ ಕೊಳ್ಳುವಾಗ 'ಅಡುಗೆಗೆ ಬೇಕು' ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಡುತ್ತಾರೆ.

ಇನ್ನು ಪರೀಕ್ಷೆ. ಅರಿಶಿನ ಕೊಂಬು ಕಣ್ಣು ಕುಕ್ಕುವಷ್ಟು ಹಳದಿಯಾಗಿ ಹೊಳೆಯುತ್ತಿದ್ದರೆ ಬೇಡ. ಹೊಳಪಿಗಾಗಿ ಸೀಸದ ಕ್ರೋಮೇಟ್ ಬಳಿಯುವ ಕೆಟ್ಟ ಪದ್ಧತಿ ದಕ್ಷಿಣ ಏಷ್ಯಾದ ಹಲವೆಡೆ ಪತ್ತೆಯಾಗಿದೆ, ಸೀಸ ಮಕ್ಕಳ ಮಿದುಳಿಗೆ ನೇರ ಹಾನಿ ಮಾಡುತ್ತದೆ. ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ. ತಕ್ಷಣ ಬಣ್ಣ ಬಿಟ್ಟರೆ ಬಳಸಬೇಡಿ. ಮೆಣಸನ್ನೂ ನೀರಿಗೆ ಹಾಕಿ ನೋಡಿ: ಗಟ್ಟಿ ಕಾಳು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದೆಲ್ಲ ಮೋಸ ಅಂದುಕೊಳ್ಳಬೇಕಿಲ್ಲ, ಆದರೆ ಅರ್ಧಕ್ಕರ್ಧ ತೇಲಿದರೆ ಆ ಅಂಗಡಿಯಲ್ಲಿ ಮತ್ತೆ ಮೆಣಸು ಕೊಳ್ಳಬೇಡಿ. ಲವಂಗದ ಕಾಂಡವನ್ನು ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ಒಣಕಲಾಗಿದ್ದರೆ ಅದು ಎಣ್ಣೆ ತೆಗೆದು ಉಳಿದ ಚರಟ, ಇಲ್ಲವೇ ಹಳೆಯ ಸರಕು. ಒಣಶುಂಠಿ ಬೆಳ್ಳಗಿದ್ದು ಬೆರಳಿಗೆ ಬಿಳಿ ಪುಡಿ ಅಂಟಿದರೆ ಸುಣ್ಣ ಹಚ್ಚಿದ್ದಾರೆ. ಮಾಸಲು ಕಂದು ಬಣ್ಣದ, ಮುರಿದಾಗ ನಾರು ಕಾಣುವ, ತೂತಿಲ್ಲದ ತುಂಡು ಆರಿಸಿ. ಚಕ್ಕೆಯಲ್ಲಿ ಎರಡು ಬಗೆ. ಅಗ್ಗದ ದಪ್ಪ ತೊಗಟೆ ಕ್ಯಾಸಿಯಾ, ಅದರಲ್ಲಿ ಕೂಮರಿನ್ ಎಂಬ ರಾಸಾಯನಿಕ ಜಾಸ್ತಿ, ದಿನಾ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಸಕ್ಕರೆ ಕಾಯಿಲೆಗೆಂದು ಚಕ್ಕೆ ನೀರು ಕುಡಿಯುವವರು ಇದನ್ನು ಗಮನಿಸಬೇಕು. ತೆಳ್ಳಗೆ ಪದರ ಪದರವಾಗಿ ಸುತ್ತಿಕೊಂಡು, ಬೆರಳಲ್ಲೇ ಪುಡಿಯಾಗುವುದು ಸಿಲೋನ್ ಚಕ್ಕೆ. ಪುಲಾವಿಗೆ ಯಾವುದಾದರೂ ನಡೆಯುತ್ತದೆ.

ತ್ರಿಫಲದ ಪುಡಿ ಮಾತ್ರ ಖಂಡಿತ ಬೇಡ. ಅಳಲೆ, ತಾರೆ, ನೆಲ್ಲಿ ಮೂರರಲ್ಲೂ ಮದ್ದಾಗುವುದು ಸಿಪ್ಪೆ ಮತ್ತು ತಿರುಳು. ಬೀಜ ತೂಕ ಹೆಚ್ಚಿಸುತ್ತದೆ ಅಷ್ಟೇ. ಬೀಜ ಸಮೇತ ಬೀಸಿದ ಪುಡಿ ಬಾಯಿಗೆ ಮರಳು ಮರಳಾಗಿ ಸಿಗುತ್ತದೆ. ಬೀಜ ತೆಗೆದ ಕಾಯಿಯನ್ನೇ ಕೇಳಿ ಪಡೆಯಿರಿ, ಸಮ ತೂಕದಲ್ಲಿ ಕುಟ್ಟಿ ಬೀಸಿ ಜರಡಿ ಹಿಡಿಯಿರಿ. ಮಲಬದ್ಧತೆಗೆ ರಾತ್ರಿ ಅರ್ಧ ಚಮಚ ಬಿಸಿನೀರಿನಲ್ಲಿ ಸಾಕು. ಒಂದು ಚಮಚ ಮೀರಿದರೆ ಹಲವರಿಗೆ ಬೆಳಗ್ಗೆ ಭೇದಿಯಾಗುತ್ತದೆ.

ಹೆಚ್ಚು ಜನ ಈ ಅಂಗಡಿಗಳಿಗೆ ಬರುವುದು ಕಷಾಯದ ಸಾಮಾನಿಗೆ. ನಾಲ್ಕು ಜನರ ಮನೆಗೆ ಒಂದು ತಿಂಗಳ ಲೆಕ್ಕ ಹೀಗೆ: ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50 ಗ್ರಾಂ, ಒಣಶುಂಠಿ 15 ಗ್ರಾಂ, ಮೆಣಸು 10 ಗ್ರಾಂ, ಸೋಂಪು 10 ಗ್ರಾಂ, ಏಲಕ್ಕಿ 5 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಘಮ್ಮೆನ್ನುವಷ್ಟರಲ್ಲಿ ಜೀರಿಗೆ ಸೀದು ಕಹಿಯಾಗುತ್ತದೆ. ಶುಂಠಿಯನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿ, ಇಡೀ ತುಂಡು ಮಿಕ್ಸಿಯ ಬ್ಲೇಡು ಕೆಡಿಸುತ್ತದೆ. ಬೀಸಿದ ಪುಡಿ ಪೂರ್ತಿ ಆರಿದ ಮೇಲೆಯೇ ಬಾಟಲಿಗೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಹಬೆ ನೀರಾಗಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ, ಬೆಂಗಳೂರಿನ ಮಳೆಗಾಲದಲ್ಲಂತೂ ವಾರದೊಳಗೇ. ಒಂದು ದೊಡ್ಡ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಐದು ನಿಮಿಷ ಕುದಿಸಿ, ಸೋಸಿ. ಹಾಲು ಬೆರೆಸುವುದಾದರೆ ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯುತ್ತದೆ. ನೆಗಡಿ ಬೇಗ ಹೋಗಲೆಂದು ಮೆಣಸು ಎರಡು ಪಟ್ಟು ಹಾಕುವವರಿದ್ದಾರೆ. ಹಾಗೆ ಮಾಡಿದರೆ ನೆಗಡಿಯ ಜೊತೆಗೆ ಹೊಟ್ಟೆ ಉರಿಯೂ ಬರುತ್ತದೆ. ಕಷಾಯ ಗಂಟಲಿಗೆ ಹಿತ, ನೀರು ಹೆಚ್ಚು ಒಳಹೋಗಲು ಒಳ್ಳೆಯ ದಾರಿ. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಜ್ವರ ಮೂರನೆಯ ದಿನಕ್ಕೂ ಇಳಿಯದಿದ್ದರೆ ಡೆಂಗಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಬಿಡದ ವಾಂತಿ, ಜೋರು ಹೊಟ್ಟೆನೋವು, ವಸಡಿನಲ್ಲಿ ರಕ್ತ ಕಂಡರೆ ಅಷ್ಟು ದಿನವೂ ಕಾಯಬಾರದು.

ಮೇಲಿನ ಪಟ್ಟಿಗೆ ಜೇಷ್ಠಮಧು ಸೇರಿಸದಿದ್ದದ್ದು ಬೇಕೆಂತಲೇ. ಗಂಟಲ ಕೆರೆತಕ್ಕೆ ಒಂದು ತುಂಡು ಅಗಿಯುವುದು ಬೇರೆ, ದಿನವೂ ಕಷಾಯದಲ್ಲಿ ಕುಡಿಯುವುದು ಬೇರೆ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ತಡೆದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವ ಹಿರಿಯರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ ಕೊಡಬಾರದು. ಸೈಂಧವ ಲವಣದ ವಿಷಯದಲ್ಲೂ ಇದೇ ಎಚ್ಚರ ಬೇಕು: ಅದೂ ಸೋಡಿಯಮ್ಮೇ, ಬಿಪಿಗೆ ಮಾಮೂಲಿ ಉಪ್ಪಿಗಿಂತ ಮೇಲಲ್ಲ. ಬಿಡಿಯಾಗಿ ಮಾರುವ ಸೈಂಧವದಲ್ಲಿ ಸೇರಿಸಿದ ಅಯೋಡಿನ್ ಕೂಡ ಇರುವುದಿಲ್ಲ.

ಕೂಸುಗಳ ಸಾಮಾನಿನ ಬಗ್ಗೆ ಮಾತು ಸ್ಪಷ್ಟವಾಗಿರಲಿ. ಬಜೆ, ಜಾಯಿಕಾಯಿ, ಮಾಚಿಕಾಯಿ ಸೇರಿಸಿ ಕೂಸಿಗೆ ತೇಯ್ದು ನೆಕ್ಕಿಸಲೆಂದು ಕೊಡುವ ಕಟ್ಟನ್ನು ಕೊಳ್ಳಬೇಡಿ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಿಷಕಾರಿ ಅಂಶ ಇದೆ, ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿದ್ದಾರೆ. ತೇಯುವ ಕಲ್ಲು, ತೇಯುವ ನೀರು, ಬೆರಳು ಇವುಗಳಿಂದ ಸೋಂಕಿನ ಭಯ ಬೇರೆ. ಜೇನಿನಲ್ಲಿ ತೇಯ್ದು ನೆಕ್ಕಿಸುವುದು ಇನ್ನೂ ಅಪಾಯ. ವರ್ಷ ತುಂಬದ ಮಗುವಿಗೆ ಜೇನಿನಿಂದ ನರಗಳನ್ನು ಸೋಲಿಸುವ ಬಾಟ್ಯುಲಿಸಂ ಎಂಬ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಏನೂ ಬೇಡ. ಕರ್ಪೂರವನ್ನು ಮಕ್ಕಳ ಕೈಗೆಟುಕದಂತೆ ಇಡಿ, ಒಂದೆರಡು ಬಿಲ್ಲೆ ನುಂಗಿದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಎರಡು ವರ್ಷದೊಳಗಿನ ಮಗುವಿನ ಎದೆಗೆ ಕರ್ಪೂರದ ಎಣ್ಣೆ ಹಚ್ಚುವುದನ್ನೂ ಬಿಡಿ.

ಮುಟ್ಟಿ ಮೂಸಿ ನೋಡಿದರೂ ಗುರುತು ಸಿಗದ ಸರಕು ಅಮೃತಬಳ್ಳಿಯ ಒಣಗಿದ ಕಾಂಡ. ಕೋವಿಡ್ ಕಾಲದಲ್ಲಿ ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದ್ದರು. ಅದನ್ನೇ ಹೋಲುವ ಬೇರೆ ಬಳ್ಳಿಯಿಂದ ಹಾಗಾಗಿರಬಹುದು ಎಂಬುದು ಆಯುಷ್ ಸಚಿವಾಲಯದ ವಾದವಾಗಿತ್ತು. ಎರಡರಲ್ಲಿ ಯಾವುದು ನಿಜವಾದರೂ ಕೊಳ್ಳುವವರಿಗೆ ತೊಂದರೆ ಒಂದೇ: ತುಂಡು ಮಾಡಿ ಒಣಗಿಸಿದ ಕಾಂಡ ಯಾವ ಬಳ್ಳಿಯದು ಎಂದು ಕಣ್ಣಲ್ಲಿ ಹೇಳಲಾಗದು. ಅಂಗಡಿಯವರು ಸಾಮಾನು ಬಲ್ಲವರು; ಸಕ್ಕರೆಗೆ, ಥೈರಾಯ್ಡಿಗೆ ಏನು ಕುಡಿಯಬೇಕು ಎಂಬುದನ್ನು ಅವರಲ್ಲಿ ಕೇಳಬಾರದು.

ಬೇಸಿಗೆಯ ಸಾಮಾನಿಗೆ ಮಾತ್ರ ಕಣ್ಣುಮುಚ್ಚಿ ಹೋಗಬಹುದು. ಲಾವಂಚದ ಬೇರು ಒಂದು ಹಿಡಿ ಸಾಕು: ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿಸಿ ಆರಿಸಿದ ನೀರಿನ ಮಡಕೆಗೆ ಹಾಕಿ. ನೀರನ್ನು ದಿನಾ ಬದಲಿಸಿ. ಮೂರು ದಿನಕ್ಕೊಮ್ಮೆ ಕಟ್ಟನ್ನು ತೆಗೆದು ಬಿಸಿಲಿಗೆ ಒಣಗಿಸಿ, ಇಲ್ಲದಿದ್ದರೆ ಲೋಳೆಯಾಗುತ್ತದೆ. ಕಾಮಕಸ್ತೂರಿ ಬೀಜ ಲೋಟಕ್ಕೆ ಒಂದು ಚಮಚ, ಕಾಲು ಗಂಟೆ ನೆನೆದು ಪೂರ್ತಿ ಉಬ್ಬಿದ ಮೇಲೆಯೇ ಕುಡಿಯಬೇಕು. ಒಣ ಬೀಜ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ಆದ್ದರಿಂದ ಪುಟ್ಟ ಮಕ್ಕಳಿಗೆ ಇದು ಬೇಡ.